ಬೋರ್ಡ್ ಮೇಲೆ ತಿರುಗಿದ ಚೆಂಡು ಮೈದಾನದಲ್ಲಿ ತಿರುಗಲಿಲ್ಲ

ನಾನು ಮಂಗಳೂರಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಸಂಜೆ ಫುಟ್‌ಬಾಲ್ ಆಡುತ್ತೇನೆ. ತುಂಬ ವರ್ಷ ಇವೆರಡಕ್ಕೂ ಸಂಬಂಧವೇ ಇರಲಿಲ್ಲ. ಪ್ರಥಮ ಪಿಯು ಪುಸ್ತಕದಲ್ಲಿ ದ್ರವಗಳ ಪಾಠದ ಒಳಗೆ ಮ್ಯಾಗ್ನಸ್ ಪರಿಣಾಮ (ಸುತ್ತುತ್ತಾ ಸಾಗುವ ಚೆಂಡು ಗಾಳಿಯಲ್ಲಿ ಬಾಗುವುದು) ಅಂತ ಒಂದು ಸಣ್ಣ ಭಾಗ ಬರುತ್ತದೆ. ತಿರುಗುವ ಚೆಂಡು, ಅದರ ಸುತ್ತ ಗಾಳಿಯ ಗೆರೆಗಳು, ಎರಡು ಬಾಣ. ಬೋರ್ಡ್ ಮೇಲೆ ಬರೆಯುತ್ತಿದ್ದೆ, ಮುಂದಕ್ಕೆ ಹೋಗುತ್ತಿದ್ದೆ. ಒಮ್ಮೆ ಕಾಲೇಜು ಮೈದಾನದಲ್ಲಿ ಮಕ್ಕಳ ಜೊತೆ ಆಡುವಾಗ ನನಗೊಂದು ಫ್ರೀ ಕಿಕ್ ಸಿಕ್ಕಿತು. ಜೋರಾಗಿ ಒದ್ದೆ. ಅದು ನೆಟ್ಟಗೆ ಹೋಗಿ ಗೋಡೆ ಕಟ್ಟಿ ನಿಂತಿದ್ದ ಹುಡುಗನ ಹೊಟ್ಟೆಗೆ ಬಡಿಯಿತು. ಹಿಂದಿನಿಂದ ಒಬ್ಬ, "ಎಂತ ಸಾರ್, ಬೋರ್ಡಲ್ಲಿ ಮಾತ್ರವಾ ತಿರುಗುವುದು?" ಅಂದ.

ಅವತ್ತಿನಿಂದ ಶುರುವಾಯ್ತು ನೋಡಿ.

ಮೊದಲು ಮಾಡಿದ್ದು ಲೆಕ್ಕ. ಗೋಲಿನಿಂದ 18 ಮೀಟರ್ ದೂರ, ಮಧ್ಯದಲ್ಲಿ 9.15 ಮೀಟರ್‌ಗೆ ಎದುರಾಳಿ ಹುಡುಗರ ಗೋಡೆ. ಚೆಂಡು ಗೋಲು ಮುಟ್ಟಲು ಸುಮಾರು 0.9 ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ, ನನ್ನ ಒದೆತದ ವೇಗ ಅಷ್ಟೇ, ಗಂಟೆಗೆ 72 ಕಿಲೋಮೀಟರ್. ಅಷ್ಟು ಹೊತ್ತಿನಲ್ಲಿ ಗುರುತ್ವ ಅದನ್ನು ನೇರ ಗೆರೆಯಿಂದ ಹತ್ತಿರ ಹತ್ತಿರ 4 ಮೀಟರ್ ಕೆಳಗೆ ಎಳೆಯುತ್ತದೆ. ಗೋಲಿನ ಎತ್ತರ 2.44 ಮೀಟರ್. ಕಂಬದ ಮೇಲಿನ ಮೂಲೆಗೆ ಬರಬೇಕಾದರೆ ಸುಮಾರು 20 ಡಿಗ್ರಿ ಮೇಲಕ್ಕೆ ಒದೆಯಬೇಕು, ಆಗ ಗೋಡೆಯ ಹತ್ತಿರ ಚೆಂಡಿನ ಎತ್ತರ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸುಮ್ನೆ ನಿಂತವರ ತಲೆ ಮೇಲಿಂದ ಹೋಗುತ್ತದೆ, ಆದರೆ ಹದಿನೇಳು ವರ್ಷದ ಹುಡುಗರು ಸುಮ್ನೆ ನಿಲ್ಲುತ್ತಾರಾ? ಹಾರುತ್ತಾರೆ. ಹಾಗಾಗಿ ಮೇಲಿನಿಂದಲ್ಲ, ಪಕ್ಕದಿಂದ ಹೋಗಬೇಕು ಅಂತ ತೀರ್ಮಾನಿಸಿದೆ.

ಪಕ್ಕಕ್ಕೆ ತಿರುಗಿಸಲು ಚೆಂಡು ಬುಗುರಿಯ ಹಾಗೆ ಸುತ್ತಬೇಕು. ಸುತ್ತಬೇಕಾದರೆ ನಡುವಿಗೆ ಒದೆಯಬಾರದು. ಇದು ಪಾಠದಲ್ಲಿ ಒಂದು ಸಾಲು, ಕಾಲಿಗೆ ಎರಡು ತಿಂಗಳು. ಬೂಟು ಚೆಂಡಿಗೆ ತಾಗುವುದು ಸೆಕೆಂಡಿನ ನೂರನೇ ಒಂದು ಭಾಗ ಮಾತ್ರ, ಕಣ್ಣಿಗೆ ಏನೂ ಕಾಣುವುದಿಲ್ಲ. (ಅಷ್ಟರಲ್ಲಿ 430 ಗ್ರಾಂ ಚೆಂಡಿಗೆ ಆ ವೇಗ ಬರಬೇಕಾದರೆ ಸರಾಸರಿ 860 ನ್ಯೂಟನ್ ಬಲ ಬೇಕು, ಹೆಚ್ಚುಕಡಿಮೆ ನನ್ನ ಮೈ ತೂಕ ಪೂರ್ತಿ. ಮೊಣಕಾಲು ಯಾಕೆ ನೋಯುತ್ತದೆ ಅಂತ ಅರ್ಥ ಆಯ್ತಲ್ವಾ.) ನನ್ನ ಹತ್ತಿರ ಚಾಕ್‌ಪೀಸಿಗೆ ಬರ ಇಲ್ಲ. ಬೂಟಿನ ಒಳಬದಿಗೆ ನೀಲಿ ಚಾಕ್ ಪುಡಿ ಬಳಿದು ಒದ್ದೆ, ಚೆಂಡಿನ ಮೇಲೆ ಗುರುತು ಬಿತ್ತು. ನಾನು ಬದಿಗೆ ಒದ್ದೆ ಅಂದುಕೊಂಡದ್ದೆಲ್ಲ ಹೆಚ್ಚುಕಡಿಮೆ ನಡುವಿಗೇ ಬಿದ್ದಿತ್ತು! ಗುರುತು ನಡುವಿನಿಂದ ಮೂರು ಬೆರಳು ಬಲಕ್ಕೆ ಬಂದಾಗ ಚೆನ್ನಾಗಿ ಸುತ್ತತೊಡಗಿತು. ಐದು ಬೆರಳು ಆಚೆ ಹೋದರೆ ಬರೀ ಸುತ್ತು, ವೇಗ ಇಲ್ಲ, ಗೋಲ್‌ಕೀಪರ್ ಆಕಳಿಸಿಕೊಂಡು ಹಿಡಿಯುತ್ತಾನೆ.

ಆಮೇಲೆ ಚೆಂಡಿನ ಸುತ್ತ ದಪ್ಪ ಮಾರ್ಕರಿನಲ್ಲಿ ಒಂದು ಗೆರೆ ಎಳೆದೆ. ಹುಡುಗನೊಬ್ಬನ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ವಿಡಿಯೋ. ಗೆರೆ ಒಂದು ಸುತ್ತು ಮುಗಿಸಲು 40 ಫ್ರೇಮ್ ತೆಗೆದುಕೊಂಡರೆ ಸೆಕೆಂಡಿಗೆ 6 ಸುತ್ತು. ಒದ್ದ ಫ್ರೇಮಿನಿಂದ ಬಲೆ ತಾಗಿದ ಫ್ರೇಮಿನವರೆಗೆ ಎಣಿಸಿದರೆ ವೇಗವೂ ಸಿಗುತ್ತದೆ. ಲ್ಯಾಬಿನಲ್ಲಿ ಲೋಲಕ ಎಣಿಸಲು ಒದ್ದಾಡುವ ಮಕ್ಕಳು ಇದನ್ನು ಮಾತ್ರ ಜಗಳ ಮಾಡಿಕೊಂಡು ಎಣಿಸಿದರು.

ಗಾಳಿ ಏನು ಮಾಡುತ್ತದೆ? ನಾನು ಬಲಗಾಲಿನವನು. ಒಳಬದಿಯಿಂದ ಚೆಂಡಿನ ಬಲಗಡೆಗೆ ಒದ್ದರೆ ಅದರ ಎಡಗಡೆಯ ಮೈ ಹಿಂದಕ್ಕೆ, ಅಂದರೆ ಎದುರಿನಿಂದ ಬರುವ ಗಾಳಿಯ ಜೊತೆಗೇ ಸಾಗುತ್ತದೆ. ಬಲಗಡೆಯ ಮೈ ಗಾಳಿಗೆ ಎದುರಾಗುತ್ತದೆ. ಎಡಗಡೆ ಗಾಳಿ ಚೆಂಡಿಗೆ ಜಾಸ್ತಿ ಹೊತ್ತು ಅಂಟಿಕೊಂಡು ಹೋಗಿ ಕೊನೆಗೆ ಬಲಕ್ಕೆ ಬಾಗಿ ಹೊರಡುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ತಳ್ಳಿತು, ಗಾಳಿ ಚೆಂಡನ್ನು ಎಡಕ್ಕೆ ತಳ್ಳಿತು. ನ್ಯೂಟನ್ನನ ಮೂರನೇ ನಿಯಮ ಅಷ್ಟೇ. ವರ್ಷಗಟ್ಟಲೆ ಬರ್ನೌಲಿ ಹೆಸರು ಹೇಳಿ, ಗಾಳಿ ಬೇಗ ಹರಿಯುವ ಕಡೆ ಒತ್ತಡ ಕಡಿಮೆ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಈಗ ಕ್ಲಾಸಿನಲ್ಲೂ ಹೀಗೇ ಹೇಳುತ್ತೇನೆ, ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಇಷ್ಟಾದರೂ ಗೋಲು ಬರಲಿಲ್ಲ. ಚೆಂಡು ತಿರುಗುತ್ತಿತ್ತು, ಆದರೆ ಗೋಡೆಗೆ ಬಡಿಯುತ್ತಿತ್ತು, ಇಲ್ಲದಿದ್ದರೆ ಗೋಲ್‌ಕೀಪರ್ ಕೈಗೇ ಹೋಗುತ್ತಿತ್ತು. ತಪ್ಪು ಎಲ್ಲಿದೆ ಅಂತ ವಿಡಿಯೋ ಫ್ರೇಮುಗಳ ಮೇಲೆ ಸ್ಕೇಲ್ ಇಟ್ಟಾಗ ಗೊತ್ತಾಯ್ತು, ಆಮೇಲೆ ನಾಚಿಕೆಯೂ ಆಯ್ತು, ಯಾಕೆಂದರೆ ಇದು ನಾನೇ ದಿನಾ ಬರೆಸುವ ಸೂತ್ರ. ಪಕ್ಕದ ಬಲ ಒಂದೇ ಸಮನೆ ಇದ್ದರೆ ಬಾಗುವ ದೂರ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅರ್ಧ ದಾರಿಯಲ್ಲಿ ಬಾಗುವುದು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಗೋಡೆ ದಾಟಿದ ಮೇಲೆ. ನನ್ನ ಚೆಂಡು ಒಟ್ಟು ಒಂದೂವರೆ ಮೀಟರ್ ಬಾಗುತ್ತಿತ್ತು, ಗೋಡೆಯ ಹತ್ತಿರ ಬರೀ 40 ಸೆಂಟಿಮೀಟರ್. ಗೋಲಿನ ಒಳಗೆ ಗುರಿಯಿಟ್ಟು ಒದ್ದರೆ ಅದು ಗೋಡೆಯನ್ನು ಸುತ್ತಿಕೊಂಡು ಹೋಗುವುದಾದರೂ ಹೇಗೆ? ಬಲ ಕಂಬದಿಂದ ಒಂದು ಮೀಟರ್ ಹೊರಗೆ ಗುರಿ ಇಡಬೇಕು, ಆಗ ಕಂಬದ ಅರ್ಧ ಮೀಟರ್ ಒಳಗೆ ಬರುತ್ತದೆ.

ಬ್ರೆಜಿಲ್ ಆಟಗಾರ ರಾಬರ್ಟೊ ಕಾರ್ಲೋಸ್ 1997ರ ಜೂನ್‌ನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಹೊಡೆದ ಫ್ರೀ ಕಿಕ್ ನೀವು ನೋಡಿರುತ್ತೀರಿ. ಸುಮಾರು 35 ಮೀಟರ್ ದೂರದಿಂದ, ಎಡಗಾಲಿನ ಹೊರಬದಿಯಿಂದ. ಗೋಲಿನಿಂದ ಎಷ್ಟೋ ಆಚೆ ನಿಂತಿದ್ದ ಬಾಲ್ ಬಾಯ್ ತನಗೇ ಬಡಿಯುತ್ತದೆ ಅಂತ ತಲೆ ಬಗ್ಗಿಸಿದ. ಫ್ರಾನ್ಸಿನ ಗೋಲ್‌ಕೀಪರ್ ಬಾರ್ತೆಜ್ ಅಲ್ಲಾಡಲೇ ಇಲ್ಲ. ಮೊದಲು ಅದನ್ನು ಬರೀ ಜಾದೂ ಅಂದುಕೊಂಡು ನೋಡುತ್ತಿದ್ದೆ. ಈಗ ನೋಡಿದರೆ ಆ ಹುಡುಗ ಬಗ್ಗಿದ್ದೇ ಸರಿ ಅನ್ನಿಸುತ್ತದೆ, ಅವನು ನೋಡಿದ್ದು ಮೊದಲರ್ಧ ದಾರಿ. ಜೊತೆಗೆ ಚೆಂಡಿನ ವೇಗ ಇಳಿದ ಹಾಗೆ ಸುತ್ತುವಿಕೆ ಅಷ್ಟು ಬೇಗ ಇಳಿಯುವುದಿಲ್ಲ, ಹಾಗಾಗಿ ಕೊನೆಯಲ್ಲಿ ದಾರಿ ಇನ್ನೂ ಜಾಸ್ತಿ ಬಾಗುತ್ತದೆ.

ನನ್ನ ಮೈದಾನದ ಬಲ ಕಂಬದ ಹೊರಗೆ, ಬೇಲಿಯಾಚೆ ಒಂದು ತೆಂಗಿನಮರ ಇದೆ. ಅದೇ ನನ್ನ ಗುರಿ ಆಯ್ತು. ಗೋಲು ಎದುರಿಗಿರುವಾಗ ತೆಂಗಿನಮರಕ್ಕೆ ಒದೆಯಲು ಮನಸ್ಸು ಒಪ್ಪುವುದಿಲ್ಲ ಮಾರಾಯ್ರೇ. ಕಾಲು ಕೊನೆ ಗಳಿಗೆಯಲ್ಲಿ ತಾನಾಗಿ ಒಳಕ್ಕೆ ತಿರುಗುತ್ತದೆ. ಅದನ್ನು ಬಿಡಿಸಲು ಒಂದು ತಿಂಗಳು ಗೋಲ್ ಕಡೆ ನೋಡುವುದನ್ನೇ ಬಿಟ್ಟೆ. ಜೊತೆಗೆ ಇನ್ನೊಂದು ಕಲಿತೆ, ಜೋರು ಕಡಿಮೆ ಮಾಡಬೇಕು. ನೂರಕ್ಕೆ ಎಂಬತ್ತರಷ್ಟು ಒದ್ದಾಗ ಪಾದ ಬೇಕಾದ ಕಡೆಗೇ ತಾಗುತ್ತದೆ, ಚೆಂಡು ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಬಾಗಲು ಸಮಯ ಸಿಗುತ್ತದೆ.

ಮಳೆ ಬಂದರೆ ಇದೆಲ್ಲ ಅರ್ಧ ಕೆಲಸಕ್ಕೆ ಬರುವುದಿಲ್ಲ. ಒದ್ದೆ ಚೆಂಡಿನ ಮೇಲೆ ಬೂಟು ಜಾರುತ್ತದೆ, ಘರ್ಷಣೆ ಇಲ್ಲದೆ ಸುತ್ತು ಎಲ್ಲಿಂದ? ಅದೇ ಒದೆತಕ್ಕೆ 6 ಸುತ್ತಿನ ಕಡೆ 4 ಕೂಡ ಬರಲಿಲ್ಲ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ನೆಲಕ್ಕೆ ಹತ್ತಿರ ಒದೆಯುತ್ತೇನೆ, ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿ ಬೇಗ ಹೋಗುತ್ತದೆ, ಕೀಪರ್ ಕೈಯಿಂದ ತಪ್ಪುವುದೂ ಜಾಸ್ತಿ. ಬೆಂಗಳೂರಿನಲ್ಲಿ ಆಡುವವರಿಗೆ ಬೇರೆ ಲೆಕ್ಕ. ಅದು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ಸುಮಾರು ನೂರಕ್ಕೆ ಹತ್ತರಷ್ಟು ತೆಳು, ಅದೇ ಒದೆತ ಅಷ್ಟೇ ಕಡಿಮೆ ಬಾಗಬೇಕು. ಅಲ್ಲಿ ಎರಡು ಸಲ ಆಡಿದಾಗ ನನ್ನದು ಕಡಿಮೆ ಬಾಗಿದ್ದು ನಿಜ, ಅದರಲ್ಲಿ ಗಾಳಿಯ ಪಾಲು ಎಷ್ಟು, ರಾತ್ರಿ ಬಸ್ಸಿನ ನಿದ್ದೆಗೆಟ್ಟ ಕಾಲಿನ ಪಾಲು ಎಷ್ಟು ಅಂತ ಬೇರೆ ಮಾಡಿ ಹೇಳಲಾರೆ.

ಕೊನೆಗೂ ಡಿಸೆಂಬರಿನ ಒಂದು ಸಂಜೆ ಮತ್ತೆ ಅದೇ ಜಾಗದಲ್ಲಿ ಫ್ರೀ ಕಿಕ್. ತೆಂಗಿನಮರ ನೋಡಿ ಒದ್ದೆ. ಚೆಂಡು ಕೊನೆಯ ಹುಡುಗನ ತೋಳು ಸವರಿಕೊಂಡು ಹೊರಗೆ ಹೋಯಿತು, ಕೀಪರ್ ಕೈ ಇಳಿಬಿಟ್ಟ, ಅಷ್ಟರಲ್ಲಿ ಅದು ಒಳಗೆ ಬಾಗಿ ಕಂಬಕ್ಕೆ ಬಡಿದು ವಾಪಸ್ ಬಂತು. ಅವತ್ತು ನನ್ನನ್ನು ಆಡಿಕೊಂಡಿದ್ದ ಹುಡುಗನೇ ಅದನ್ನು ಮೆಲ್ಲಗೆ ಒಳಗೆ ತಳ್ಳಿ, "ಗೋಲು ನಂದು ಸಾರ್" ಅಂದ.