ಮನೆಯವರಿಗೆ ದೊಡ್ಡ ಕಾಯಿಲೆ ಬಂದರೆ ದುಡ್ಡಿಗಿಂತ ಮೊದಲು ಓಡಾಟಕ್ಕೆ ನಿಲ್ಲಿ

ಭಾವನಿಗೆ ಬಾಯಿ ಕ್ಯಾನ್ಸರ್ ಅಂತ ಗೊತ್ತಾದ ದಿನ ಅಕ್ಕನ ಕೈಗೆ ಹತ್ತು ಸಾವಿರ ಕೊಟ್ಟು, "ಇನ್ನೂ ಬೇಕಾದ್ರೆ ಕೇಳಕ್ಕ" ಅಂದು ಬಂದೆ. ಅವಳು ಕೇಳಲಿಲ್ಲ. ಹದಿನೈದು ದಿನ ಬಿಟ್ಟು ಹೋದರೆ ಭಾವನ ದಿಂಬಿನ ಕೆಳಗೆ ಮಡಚಿಟ್ಟ ಬಿಲ್ಲುಗಳು. ಒಂದು ಲಕ್ಷ ಕೈಸಾಲ ಬೇರೆ ಆಗಿತ್ತು, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 3,000, ವರ್ಷಕ್ಕೆ 36,000. ನಾನು ತಿಪಟೂರು ಕಡೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಊರವರಿಗೆಲ್ಲ ಈ ಬಡ್ಡಿ ಲೆಕ್ಕ ಬಿಡಿಸಿ ಹೇಳುತ್ತೇನೆ. ಸ್ವಂತ ಅಕ್ಕನ ಮನೆಯದು ನನಗೇ ಗೊತ್ತಿರಲಿಲ್ಲ.

"ಬೇಕಾದ್ರೆ ಕೇಳಿ" ಅಂದರೆ ಯಾರೂ ಕೇಳುವುದಿಲ್ಲ. ಅದರ ಬದಲು ಒಂದು ಕೆಲಸ ಎತ್ತಿಕೊಳ್ಳಿ. ನಾನು ಕಾಗದಪತ್ರದ ಕೆಲಸ ಎತ್ತಿಕೊಂಡೆ.

ಮೊದಲು ರೇಷನ್ ಕಾರ್ಡ್ ಹುಡುಕಿ. ನಾವು ಇಲ್ಲೇ ಎಡವಿದ್ದು. ಗಾಬರಿಯಲ್ಲಿ ನೇರವಾಗಿ ಒಂದು ಖಾಸಗಿ ಆಸ್ಪತ್ರೆಗೆ ಹೋಗಿ 60,000 ಅಡ್ವಾನ್ಸ್ ಕಟ್ಟಿದ್ದರು. ಬಿಪಿಎಲ್ ಕಾರ್ಡು ಟ್ರಂಕಿನಲ್ಲಿ ತಣ್ಣಗೆ ಮಲಗಿತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ತುರ್ತು ಕೇಸ್ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದೂ ಅಡ್ಮಿಟ್ ಆಗುವ ಮೊದಲೇ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಅಂತ ಒಬ್ಬರು ಇರುತ್ತಾರೆ. ಕ್ಯಾಶ್ ಕೌಂಟರಿಗೆ ಹೋಗುವ ಮೊದಲು ಅವರನ್ನು ನೋಡಿ. ನಾವು ಆ ಅಡ್ವಾನ್ಸಿನ ಆಸೆ ಬಿಟ್ಟು, ಚೀಟಿ ಹಿಡಿದು ಬೆಂಗಳೂರಿನ ಕಿದ್ವಾಯಿಗೆ ಹೋದೆವು.

ಇನ್ಶೂರೆನ್ಸ್ ಇರುವವರಿಗೆ ಒಂದೇ ಮಾತು: ರೂಮು ಆರಿಸುವ ಮೊದಲು ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿ ನೋಡಿ. ಮಿತಿ 3,000 ಇದ್ದು 6,000ದ ರೂಮಿನಲ್ಲಿ ಮಲಗಿದರೆ, ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ್ ಫೀಸು, ಆಪರೇಷನ್ ಚಾರ್ಜು ಕೂಡ ಅರ್ಧಕ್ಕೆ ಇಳಿಯುತ್ತದೆ. ಉಳಿದರ್ಧ ನಿಮ್ಮ ತಲೆ ಮೇಲೆ.

ಆಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಎಡಗಡೆ ಖರ್ಚು, ಬಲಗಡೆ ಯಾರು ಎಷ್ಟು ಕೊಟ್ಟರು, ಸಾಲವೋ ಸುಮ್ನೆ ಕೊಟ್ಟಿದ್ದೋ. ಸಾಲವೋ ಅಲ್ಲವೋ ಅಂತ ಕೊಟ್ಟವರನ್ನೇ ಅವತ್ತೇ ಕೇಳಿಬಿಡಿ. ಆ ಹೊತ್ತಿಗೆ ಮುಜುಗರ ಆಗುತ್ತದೆ, ಆದರೆ ವರ್ಷ ಬಿಟ್ಟು ಮದುವೆ ಮನೆಯಲ್ಲಿ ಆ ಮಾತು ಬಂದರೆ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ? ಬಿಲ್ಲುಗಳನ್ನು ಫೈಲಿಗೆ ಹಾಕುವ ಮುಂಚೆ ಜೆರಾಕ್ಸ್ ಮಾಡಿಸಿ. ಮೆಡಿಕಲ್ ಶಾಪಿನ ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಲು ಕೂತಾಗ ನಮ್ಮ ಎರಡು ಬಿಲ್ಲು ಬರೀ ಬಿಳಿ ಹಾಳೆ ಆಗಿದ್ದವು.

ನೋಟ್‌ಬುಕ್ಕಿನಿಂದ ಇನ್ನೊಂದು ಗೊತ್ತಾಯಿತು. ಔಷಧಿಯಷ್ಟೇ ಓಡಾಟ, ಊಟ, ರೂಮಿಗೂ ಹೋಗುತ್ತಿತ್ತು. ಕಿದ್ವಾಯಿಯಲ್ಲಿ ಧರ್ಮಶಾಲೆ ಇದೆ, ಹೋದ ದಿನವೇ ವಿಚಾರಿಸಿ. ಆಸ್ಪತ್ರೆಯಲ್ಲಿ ರೈಲ್ವೆ ರಿಯಾಯಿತಿ ಫಾರ್ಮ್ ತುಂಬಿಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ದುಡ್ಡು ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಭಾಗ. ಅಕ್ಕ ಒಬ್ಬಳೇ ಹೋಗಿ ಬರುವಾಗ ಶಕ್ತಿ ಯೋಜನೆಯಿಂದ ಬಸ್ ಚಾರ್ಜೇ ಇರಲಿಲ್ಲ. ಬಿಪಿ, ಶುಗರಿನಂಥ ದಿನನಿತ್ಯದ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಸಿಗುತ್ತದಾ ಅಂತ ಡಾಕ್ಟರನ್ನೇ ಕೇಳಿ ತಗೊಳ್ಳಿ.

ಸಾಲದ ವಿಷಯ. ಅಕ್ಕ ಸರ ಮಾರಲು ಹೊರಟಿದ್ದಳು. ಅಡ ಇಡಿಸಿದೆ. ಚಿನ್ನದ ಸಾಲದ ಬಡ್ಡಿ ಆ ಕೈಸಾಲದ್ದಕ್ಕಿಂತ ಎಷ್ಟೋ ಕಡಿಮೆ. ಬಂದ ದುಡ್ಡಿನಲ್ಲಿ ಮೊದಲು ಕೈಸಾಲ ತೀರಿಸಿದೆವು. ಕಂತಿನ ತಾರೀಖು ನಾನು ನೆನಪಿಟ್ಟುಕೊಂಡೆ. ತಪ್ಪಿದರೆ ಒಡವೆ ಹರಾಜಿಗೆ ಬರುತ್ತದೆ. ಅಟ್ಟದ ಮೇಲಿದ್ದ ಕೊಬ್ಬರಿಯನ್ನು ಸುಲಿಸಿ ಮಾರಿದೆವು. ಒಂದೂವರೆ ಎಕರೆ ತೋಟ ಮಾರುವ ಮಾತನ್ನು ಮಾತ್ರ ಮೊದಲ ಮೂರು ತಿಂಗಳು ಎತ್ತಬಾರದು ಅಂತ ಹಟ ಹಿಡಿದೆ. ಅಷ್ಟರಲ್ಲೇ ಒಬ್ಬರು ಬಂದು ರೇಟು ಕೇಳಿ ಹೋಗಿದ್ದರು! ಗಾಬರಿಯಲ್ಲಿ ಮಾರುವವರಿಗೆ ಒಳ್ಳೆ ರೇಟು ಯಾರೂ ಕೊಡುವುದಿಲ್ಲ.

ನೆಂಟರ ಹತ್ತಿರ ಕೇಳುವಾಗ ಒಟ್ಟಾರೆ "ಸಹಾಯ ಮಾಡಿ" ಅನ್ನಬೇಡಿ. "ಚಿಕ್ಕಪ್ಪ, ಈ ಸಲ ಪಾಪುವಿನ ಸ್ಕೂಲ್ ಫೀಸು ನೀವು ಕಟ್ಟಿಬಿಡಿ" ಅಂದೆ. ಮರುದಿನವೇ ಕಟ್ಟಿದರು. ಕಟ್ಟಲು ಆಗದ ದೊಡ್ಡಮ್ಮ ಎರಡು ವಾರ ಬಂದು ಮನೆ ನೋಡಿಕೊಂಡರು. ಅದನ್ನೂ ಬಲಗಡೆ ಪುಟದಲ್ಲಿ ಬರೆದಿದ್ದೇನೆ.

ನಾನು ಮಾಡಿದ ಒಂದು ತಪ್ಪು: ಲೆಕ್ಕವನ್ನು ಭಾವನಿಂದ ಮುಚ್ಚಿಟ್ಟೆ. ಮುಚ್ಚಿಟ್ಟಷ್ಟೂ ಅವರು ಇಲ್ಲದ್ದನ್ನೆಲ್ಲ ಊಹಿಸಿಕೊಂಡರು. ರೇಡಿಯೇಷನ್ ಮುಗಿದ ಮೇಲೆ ಒಂದು ಸಂಜೆ ಕೈ ಚಾಚಿ ನೋಟ್‌ಬುಕ್ ಕೇಳಿದರು. ಮಾತಾಡುವುದು ಕಷ್ಟ ಇತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸಿದರು. ಹನ್ನೊಂದನೇ ಪುಟದಲ್ಲಿ ಬೆರಳು ನಿಂತಿತು. "ಇಲ್ಲಿ ಇನ್ನೂರು ಕೂಡಿಲ್ಲ ನೋಡೋ," ಅಂದರು. ನಿಜಕ್ಕೂ ಕೂಡಿರಲಿಲ್ಲ. ಪೆನ್ನು ಇಸಕೊಂಡು ಅವರೇ ತಿದ್ದಿದರು.