ಕರೆಂಟ್ ಹೋದರೂ ಕಚೇರಿಯ ಫೋನ್ ನಿಲ್ಲದಿರಲು

ಮೈಸೂರು, ಮಂಡ್ಯದ ಕಡೆ ಹೊಸ ಕಚೇರಿಗೆ ಇಂಟರ್ನೆಟ್ ಮೂಲಕ ನಡೆಯುವ ಫೋನ್ ವ್ಯವಸ್ಥೆಯನ್ನು ಮೊದಲ ಬಾರಿಗೆ ಹಾಕಿಸುತ್ತಿರುವವರು, ಪ್ರತಿ ಮೇಜಿನ ಫೋನಿಗೂ ಒಂದೊಂದು ಅಡಾಪ್ಟರ್ ಕೊಡುವ ಬದಲು ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳುಹಿಸುವ ಪಿಒಇ ಸ್ವಿಚ್ ತೆಗೆದುಕೊಂಡು, ಆ ಸ್ವಿಚ್, ಫೈಬರ್ ಮೋಡೆಮ್, ರೂಟರ್ ಮತ್ತು ಇಪಿಎಬಿಎಕ್ಸ್ (ಕಚೇರಿಯ ಫೋನುಗಳನ್ನು ಪರಸ್ಪರ ಮತ್ತು ಹೊರಗಿನ ಲೈನಿಗೆ ಜೋಡಿಸುವ ಯಂತ್ರ), ಇಷ್ಟನ್ನೂ ಒಂದೇ ಯುಪಿಎಸ್‌ಗೆ ಸೇರಿಸಿ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ದೂರವಾಣಿ ಕೇಂದ್ರದಿಂದಲೇ ವಿದ್ಯುತ್ ಬರುತ್ತಿತ್ತು. ಫೈಬರ್ ಸಂಪರ್ಕದಲ್ಲಿ ಆ ಅನುಕೂಲವಿಲ್ಲದ ಕಾರಣ, ಈ ನಾಲ್ಕರಲ್ಲಿ ಒಂದು ಆರಿದರೂ ಹೊರಗಿನ ಕರೆ ಬರುವುದಿಲ್ಲ. ಸಾಮಾನ್ಯ ಪಿಒಇ ಸ್ವಿಚ್ ಒಂದು ಪೋರ್ಟಿಗೆ ಹೆಚ್ಚೆಂದರೆ 15.4 ವ್ಯಾಟ್ ಕೊಡುತ್ತದೆ, ಸಾಧಾರಣ ಮೇಜಿನ ಫೋನಿಗೆ ಇದು ಧಾರಾಳವಾಯಿತು. ಆದರೆ ಅದೇ ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನು ಮಾತ್ರ ದಯವಿಟ್ಟು ಸೇರಿಸಬೇಡಿ, ಅದು ಬಿಸಿಯಾಗುವಾಗ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ನಿಂತೇಹೋಗಬಹುದು. ಪಿಒಇ ಸೌಲಭ್ಯವಿಲ್ಲದ ಫೋನುಗಳಿಗೆ, 100 ಮೀಟರ್ ಮೀರಿದ ಕೇಬಲ್ಲಿಗೆ ಈ ಉಪಾಯ ನಡೆಯದು. ಬಡಾವಣೆಯಲ್ಲಿರುವ ಇಂಟರ್ನೆಟ್ ಸಂಸ್ಥೆಯ ಉಪಕರಣಕ್ಕೇ ವಿದ್ಯುತ್ ಇಲ್ಲದಿದ್ದರೆ ಹೊರಗಿನ ಕರೆಗಳು ನಿಂತು, ಕಚೇರಿಯೊಳಗಿನ ಎಕ್ಸ್‌ಟೆನ್ಶನ್‌ಗಳಷ್ಟೇ ಕೆಲಸ ಮಾಡುತ್ತವೆ. ಆದ್ದರಿಂದ ಕೆಲಸ ಮುಗಿಸಿದ ತಂತ್ರಜ್ಞರು ಹೊರಡುವ ಮುನ್ನವೇ ಮೇನ್ ಸ್ವಿಚ್ ಆರಿಸಿ, ನಿಮ್ಮ 0821 ಅಥವಾ 08232 ಸಂಖ್ಯೆಗೆ ಮೊಬೈಲಿನಿಂದ ಕರೆ ಮಾಡಿ, ಎರಡೂ ಕಡೆಯ ಧ್ವನಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.