ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಶಿಪ್: ಮೊದಲ ವಾರ ಏನು ಮಾಡಬೇಕು

ಹತ್ತು ಹದಿನೈದು ಜನರ ಕಂಪನಿಯಲ್ಲಿ ಟ್ರೇನಿಂಗ್ ಅಂತ ಬೇರೆ ಏನೂ ಇರುವುದು ಕಡಿಮೆ. ಸೇರುವ ಮೊದಲೇ ಸ್ಟೈಪೆಂಡ್ ಎಷ್ಟು, ಎಷ್ಟು ತಿಂಗಳು ಅನ್ನೋದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ನಿಮ್ಮಿಂದಲೇ ದುಡ್ಡು ಕೇಳಿದರೆ ಎದ್ದು ಬನ್ನಿ.

ಮೊದಲು ಪ್ರಾಜೆಕ್ಟನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಿ. ಪ್ರಾಜೆಕ್ಟ್ ಓಡಿಸೋದು ಹೇಗೆ ಅಂತ ಬರೆದಿರುವ ರೀಡ್‌ಮಿ ಫೈಲ್ ಹಳೆಯದಾಗಿದ್ದರೆ (ಆಗಿರುತ್ತೆ ಬಿಡಿ) ಎಲ್ಲಿ ಎಡವಿದಿರೋ ಅಲ್ಲೆಲ್ಲ ತಿದ್ದಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ. ಮೇನ್ ಬ್ರಾಂಚಿಗೆ, ಅಂದ್ರೆ ಎಲ್ಲರೂ ಬಳಸುವ ಮುಖ್ಯ ಕೋಡಿಗೆ, ನಿಮ್ಮ ಬದಲಾವಣೆಯನ್ನು ನೇರವಾಗಿ ಪುಶ್ ಮಾಡಬೇಡಿ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸಾಫ್ಟ್‌ವೇರ್ ಸೇವೆ ಬಳಸಲು ಬೇಕಾದ ಗುಟ್ಟಿನ ಕೋಡ್) ಇರುವ ಫೈಲ್ ಒಮ್ಮೆ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಫ್ಟ್‌ವೇರ್) ಸೇರಿದರೆ, ಆಮೇಲೆ ಅಳಿಸಿ ಕಮಿಟ್ ಮಾಡಿದರೂ (ಆ ಬದಲಾವಣೆ ದಾಖಲಿಸಿದರೂ) ಹಿಸ್ಟರಿಯಲ್ಲಿ ಉಳಿದಿರುತ್ತೆ, ಕೀ ಬದಲಾಯಿಸಲೇಬೇಕು, ಹಾಗಾಗಿ ಮುಚ್ಚಿಡದೆ ತಕ್ಷಣ ಹೇಳಿ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅರ್ಧ ಗಂಟೆ ನೀವೇ ನೋಡಿ. ಆಮೇಲೆ ಕೇಳಿ. ಸುಮ್ನೆ "ವರ್ಕ್ ಆಗ್ತಿಲ್ಲ" ಅನ್ನಬೇಡಿ; ಎರರ್ ಮೆಸೇಜು, ಏನೇನು ಮಾಡಿ ನೋಡಿದಿರಿ, ಎಲ್ಲಾ ಬರೆದು ಕಳಿಸಿ. ಸೀನಿಯರ್ ಹೆಡ್‌ಫೋನ್ ಹಾಕಿಕೊಂಡಿದ್ದರೆ ಭುಜ ತಟ್ಟಬೇಡಿ, ಚಾಟ್‌ನಲ್ಲಿ ಹಾಕಿ.